ಬ್ಯೂನಸ್ ಐರಿಸ್ ಪ್ರಾಂತ್ಯಕ್ಕೆ ಲಾ ಪ್ಲಾಟಾ ಏಕೆ ರಾಜಧಾನಿ?

ನೀವು ಕೇಳಿದ್ದು ಸರಿಯಾಗಿಯೇ ಇದೆ ಸರ್, ಹೆಸರೇ ಗೊಂದಲ ಹುಟ್ಟಿಸುತ್ತದೆ. ಬ್ಯೂನಸ್ ಐರಿಸ್ ನಗರ ಆ ಹೆಸರಿನ ಪ್ರಾಂತ್ಯಕ್ಕೆ ಸೇರಿಲ್ಲ. 1880ರಲ್ಲಿ ಅರ್ಜೆಂಟೀನಾ ಸರ್ಕಾರ ನಗರವನ್ನು ಪ್ರಾಂತ್ಯದಿಂದ ಬೇರ್ಪಡಿಸಿ ದೇಶದ ರಾಜಧಾನಿ ಮಾಡಿಕೊಂಡಿತು. ಅದಕ್ಕೂ ಮೊದಲು ಪ್ರಾಂತ್ಯಕ್ಕೂ ಕೇಂದ್ರ ಸರ್ಕಾರಕ್ಕೂ ಗುಂಡಿನ ಕಾಳಗವೇ ನಡೆದಿತ್ತು. ಬಂದರಿನ ಸುಂಕ ತರುವ ನಗರವನ್ನು ಯಾರು ಸುಮ್ಮನೆ ಬಿಟ್ಟುಕೊಡುತ್ತಾರೆ! ರಾಜಧಾನಿ ಕಳೆದುಕೊಂಡ ಪ್ರಾಂತ್ಯಕ್ಕೆ ಗವರ್ನರ್ ದಾರ್ದೊ ರೋಚಾ 1882ರಲ್ಲಿ ಲಾ ಪ್ಲಾಟಾವನ್ನು ಹೊಸದಾಗಿ ಕಟ್ಟಿಸಲು ಶುರುಮಾಡಿದರು. ನಕ್ಷೆ ನೋಡಿ, ಚೌಕಾಬಾರದ ಮನೆಯಂತೆ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ರಸ್ತೆಗಳು.

ಪ್ರಾಂತ್ಯದ ವಿಸ್ತೀರ್ಣ ಸುಮಾರು 3.07 ಲಕ್ಷ ಚದರ ಕಿ.ಮೀ. ಬಹುಪಾಲು ಪಾಂಪಾ ಬಯಲು: ಗೋಧಿ, ಸೋಯಾ, ದನ. ದಕ್ಷಿಣದಲ್ಲಿ ಒಂದಿಷ್ಟು ಗುಡ್ಡಗಳಿವೆ, ಅತಿ ಎತ್ತರದ್ದೇ 1,239 ಮೀಟರ್.

2022ರ ಜನಗಣತಿಯಂತೆ ಜನ ಸುಮಾರು 1.75 ಕೋಟಿ, ಅಂದರೆ ದೇಶದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬ್ಯೂನಸ್ ಐರಿಸ್ ನಗರವನ್ನು ಸುತ್ತುವರಿದ 24 ಪಾರ್ತಿದೊಗಳಲ್ಲೇ (ಪ್ರಾಂತ್ಯದೊಳಗಿನ ಆಡಳಿತ ವಿಭಾಗಗಳು) ಕಿಕ್ಕಿರಿದಿದ್ದಾರೆ. ಒಳನಾಡಿಗೆ ಹೋದರೆ ಮೈಲಿಗಟ್ಟಲೆ ಬೇಲಿ, ಹುಲ್ಲು.

ಇನ್ನು ಆಡಳಿತ. ಬೇರೆ ಪ್ರಾಂತ್ಯಗಳಲ್ಲಿ 'ಡಿಪಾರ್ಟಮೆಂಟೊ' ಎನ್ನುವುದನ್ನು ಇಲ್ಲಿ ಮಾತ್ರ 'ಪಾರ್ತಿದೊ' ಎನ್ನುತ್ತಾರೆ. ಒಟ್ಟು 135. ಪಟ್ಟಣವೂ ಸುತ್ತಲಿನ ಹೊಲಗದ್ದೆಯೂ ಒಂದೇ ಪುರಸಭೆಯ ಕೆಳಗೆ. ಅದರ ಮುಖ್ಯಸ್ಥ 'ಇಂತೆಂದೆಂತೆ'ಯನ್ನು ಜನರೇ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಪಟ್ಟಿಯಲ್ಲಿ ಎಲ್ಲಾದರೂ 134 ಎಂದಿದ್ದರೆ ಅದು ಹಳೆಯ ಲೆಕ್ಕ. 2009ರಲ್ಲಿ ಲೆಸಾಮಾ ಎಂಬ ಹೊಸ ಪಾರ್ತಿದೊ ಸೇರಿಕೊಂಡಿತು.