ಮರ ಕಾಣದಿದ್ದರೂ ಅದು ನಿಸರ್ಗ ಚಿತ್ರವೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬ್ಯಾಂಕಿನಿಂದ ನಿವೃತ್ತನಾದವನು. ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಕೂತು ಜಲವರ್ಣದಲ್ಲಿ ಚಿತ್ರ ಬರೆಯುತ್ತೇನೆ. ಈಚೆಗೆ ಒಂದು ಪ್ರದರ್ಶನದಲ್ಲಿ ‘ಲ್ಯಾಂಡ್‌ಸ್ಕೇಪ್’ ಅಂತ ಹೆಸರಿಟ್ಟ ಚಿತ್ರ ನೋಡಿದೆ. ಮರವೂ ಇಲ್ಲ, ಮನೆಯೂ ಇಲ್ಲ. ಬೂದು, ಕಂದು ಪಟ್ಟೆಗಳು ಮಾತ್ರ. ಸುಮ್ನೆ ಬಣ್ಣ ಬಳಿದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ನನ್ನಂಥವರು ಇದನ್ನು ಕಲಿಯಬೇಕಾದರೆ ಎಲ್ಲಿಂದ ಶುರು ಮಾಡಬೇಕು?
— ಓದುಗರೊಬ್ಬರು, ಬಸವನಗುಡಿ

ಉತ್ತರ: ನೀವು ಕೂರುವ ಲಾಲ್‌ಬಾಗ್‌ನಿಂದಲೇ ಶುರು ಮಾಡಿ ಸರ್. ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ.

ನನ್ನ ವಿದ್ಯಾರ್ಥಿಗಳನ್ನು ಅಲ್ಲಿನ ಬಂಡೆಯ ಮೇಲೆ ಕರೆದುಕೊಂಡು ಹೋಗುತ್ತೇನೆ. ಹೋದ ತಕ್ಷಣ ಎಲ್ಲರೂ ಕೆಂಪೇಗೌಡರ ಗೋಪುರ ಬರೆಯಲು ಕೂರುತ್ತಾರೆ. ಅದರ ಕಂಬ, ಕಮಾನು ತಿದ್ದುವುದರಲ್ಲೇ ಬೆಳಗು ಕಳೆದುಹೋಗುತ್ತದೆ. ಬಂಡೆ ಕೆಳಗಡೆ ಒಂದು ಬೂದು ಬಣ್ಣದ ತೇಪೆಯಾಗಿ ಉಳಿಯುತ್ತದೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ! ಹಾಗಾಗಿ ಗೋಪುರಕ್ಕೆ ಬೆನ್ನು ಹಾಕಿ ಕೂರಿ ಅನ್ನುತ್ತೇನೆ. ಆಮೇಲೆ ಬಂಡೆ ಕಾಣಲು ಶುರುವಾಗುತ್ತದೆ. ಮಳೆನೀರು ಹರಿದು ಹರಿದು ಬಿದ್ದ ಕಪ್ಪು ಗೆರೆಗಳು. ತಗ್ಗಿನಲ್ಲಿ ನಿಂತ ನೀರಿನಲ್ಲಿ ಒಂದು ತುಂಡು ಆಕಾಶ. ಬೂದು ಕಲ್ಲಿನೊಳಗೆ ಅಲ್ಲಲ್ಲಿ ತಿಳಿಗುಲಾಬಿ ಪಟ್ಟೆ. ಇಷ್ಟನ್ನೇ ಕಾಗದದ ತುಂಬ ಬರೆದರೆ, ನೀವು ಪ್ರದರ್ಶನದಲ್ಲಿ ಕಂಡ ಪಟ್ಟೆಗಳ ಹತ್ತಿರಕ್ಕೆ ಆಗಲೇ ಬಂದಿರುತ್ತೀರಿ. ಆದರೆ ಅದರಲ್ಲಿ ಲಾಲ್‌ಬಾಗ್ ಇರುತ್ತದೆ. ಏನು ಬಿಡಬೇಕು ಅಂತ ಗೊತ್ತಾಗುವುದು ಜಾಗವನ್ನು ಚೆನ್ನಾಗಿ ನೋಡಿದವರಿಗೆ ಮಾತ್ರ. ಸುಮ್ನೆ ಬಳಿದದ್ದರಲ್ಲಿ ಆ ನೋಟವೇ ಇರುವುದಿಲ್ಲ. ಅಲ್ಲಿ ಕಂದು ತೆಗೆದು ಹಸಿರು ಹಾಕಿದರೂ ಏನೂ ಕೆಡುವುದಿಲ್ಲ.

ಚಿತ್ರಕಾರ ರಾಮ್ ಕುಮಾರ್ ಅವರ ವಾರಾಣಸಿ ಚಿತ್ರಗಳು ಎಲ್ಲಾದರೂ ಸಿಕ್ಕರೆ ಬಿಡದೆ ನೋಡಿ. ಮೊದಲು ಅವರು ನಗರದ ಒಂಟಿ, ಮಂಕು ಮುಖದ ಜನರನ್ನು ಬರೆಯುತ್ತಿದ್ದರು. 1960ರ ಸುಮಾರಿಗೆ ವಾರಾಣಸಿಗೆ ಹೋಗಿ ಬಂದ ಮೇಲೆ ಚಿತ್ರದಿಂದ ಜನರೇ ಇಲ್ಲವಾದರು. ಒಂದರ ಮೇಲೊಂದು ಒತ್ತಿಕೊಂಡ ಮನೆಗಳು, ಘಾಟು, ನದಿ ಉಳಿದವು. ಬರಬರುತ್ತಾ ಅವೂ ಕರಗಿ ಬೂದು, ಕಂದು ತುಂಡುಗಳಾದವು. ಆದರೂ ನೀರಿನ ಪಕ್ಕ ನಿಂತ ಊರಿನ ಭಾರ ಹೋಗಲಿಲ್ಲ. ನನಗೆ ಇದು ತುಂಬ ದೊಡ್ಡ ಕೆಲಸ ಅನ್ನಿಸುತ್ತದೆ.

ಹಾಲೆಂಡಿನ ಚಿತ್ರಕಾರ ಮಾಂಡ್ರಿಯನ್ ಕೂಡ ಮರದಿಂದಲೇ ಹೊರಟವರು. 1908ರ ಹೊತ್ತಿಗೆ ಶುರುಮಾಡಿದ ಕೆಂಪು ಮರ ಯಾರು ನೋಡಿದರೂ ಮರವೇ. 1911ರ ಬೂದು ಮರದಲ್ಲಿ ಕೊಂಬೆಗೆ ಎಷ್ಟು ಬೆಲೆಯೋ ಕೊಂಬೆಗಳ ನಡುವಿನ ಸಂದಿಗೂ ಅಷ್ಟೇ ಬೆಲೆ. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಬಾಗಿದ ಗೆರೆಗಳಷ್ಟೇ ಉಳಿದಿವೆ. ಈ ಮೂರನ್ನೂ ಫೋನಿನಲ್ಲಿ ಹುಡುಕಿ, ಅಕ್ಕಪಕ್ಕ ಇಟ್ಟು ನೋಡಿ. ಒಂದೊಂದು ಸಲವೂ ಅವರು ಏನನ್ನು ಬಿಟ್ಟರು ಅಂತ ಬೆರಳಿಟ್ಟು ಹೇಳಬಹುದು.

ನಮ್ಮ ಊರಲ್ಲೇ ನೋಡಬೇಕು ಅಂದರೆ ಚಿತ್ರಕಲಾ ಪರಿಷತ್ತಿಗೆ ಹೋಗಿ ರಷ್ಯಾದ ಚಿತ್ರಕಾರ ನಿಕೊಲಸ್ ರೋರಿಕ್ ಅವರ ಹಿಮಾಲಯದ ಚಿತ್ರಗಳ ಮುಂದೆ ನಿಲ್ಲಿ. ಅವನ್ನು ಅಮೂರ್ತ (ಆ್ಯಬ್‌ಸ್ಟ್ರಾಕ್ಟ್) ಅಂತ ಯಾರೂ ಕರೆಯುವುದಿಲ್ಲ, ಆದರೆ ಬೆಟ್ಟದಿಂದ ಎಷ್ಟೊಂದು ತೆಗೆದುಹಾಕಿದ್ದಾರೆ!

ಈಗ ಅಭ್ಯಾಸದ ಮಾತು. ಸಣ್ಣ ಬ್ರಷ್‌ಗಳನ್ನು ಮನೆಯಲ್ಲೇ ಬಿಡಿ. ಒಂದು ಇಂಚಿನ ಚಪ್ಪಟೆ ಬ್ರಷ್ ಒಂದೇ ಸಾಕು. ಬಣ್ಣವೂ ಎರಡೇ, ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು. ಬೆರೆಸಿದರೆ ತಣ್ಣನೆಯ ಬೂದಿನಿಂದ ಬೆಚ್ಚಗಿನ ಕಂದಿನವರೆಗೆ ಬೇಕಾದ್ದೆಲ್ಲ ಸಿಗುತ್ತದೆ. ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಎಲೆ, ರೆಂಬೆ, ಜನ ಎಲ್ಲ ಮಸುಕಾಗಿ ಮೂರೋ ನಾಲ್ಕೋ ದೊಡ್ಡ ಆಕಾರ ಉಳಿಯುತ್ತವೆ. ಅವನ್ನು ಮಾತ್ರ ಹಾಕಿ, ಬ್ರಷ್ ಕೆಳಗಿಡಿ. ಮನೆಗೆ ಬಂದು ಆ ಕಾಗದವನ್ನೂ ನೋಡದೆ ನೆನಪಿನಿಂದ ಮತ್ತೊಂದು ಬರೆಯಿರಿ. ಇದು ಕಷ್ಟ, ಕೈ ತಡೆಯುತ್ತದೆ. ಆದರೆ ನಿಮ್ಮನ್ನು ಆ ಜಾಗದಲ್ಲಿ ನಿಜವಾಗಿ ಹಿಡಿದು ನಿಲ್ಲಿಸಿದ್ದು ಏನು ಅನ್ನುವುದು ಈ ಎರಡನೇ ಕಾಗದದಲ್ಲೇ ಬರುತ್ತದೆ. ಬರೆದದ್ದನ್ನು ಕಳಿಸಿಕೊಡಿ, ನನಗೆ ನೋಡುವ ಆಸೆ ಇದೆ.

ಪ್ರಶ್ನೆ: ಮನೆಯಲ್ಲಿ ಚಿಕ್ಕ ಮಗು ಇದೆ ಮೇಡಂ, ಹೊರಗೆ ಹೋಗಿ ಬರೆಯಲು ಆಗುತ್ತಿಲ್ಲ. ಮೊಬೈಲ್ ಫೋಟೊ ನೋಡಿ ಬರೆದರೆ ತಪ್ಪಾ?
— ಓದುಗರೊಬ್ಬರು, ಯಲಹಂಕ

ಉತ್ತರ: ತಪ್ಪೇನಿಲ್ಲಮ್ಮ. ಆದರೆ ಫೋಟೊದಲ್ಲಿ ಹತ್ತಿರದ್ದು, ದೂರದ್ದು ಎಲ್ಲವೂ ಒಂದೇ ಸಮ ಚೂಪಾಗಿ ಬರುತ್ತದೆ, ನೆರಳು ಕಪ್ಪಾಗಿ ಕೂತುಬಿಡುತ್ತದೆ. ಅದನ್ನು ನೋಡುತ್ತಾ ಕೂತರೆ ಬಿಡುವುದಕ್ಕಿಂತ ತುಂಬುವುದೇ ಜಾಸ್ತಿ ಆಗುತ್ತದೆ. ಫೋಟೊ ದೊಡ್ಡದು ಮಾಡಬೇಡಿ. ಗ್ಯಾಲರಿಯಲ್ಲಿ ಸಣ್ಣ ಚೌಕವಾಗಿ ಕಾಣುತ್ತದಲ್ವಾ, ಅಷ್ಟರಲ್ಲೇ ನೋಡಿ ಬರೆಯಿರಿ. ಮತ್ತೆ ನಿಮ್ಮ ಬಾಲ್ಕನಿ ಇದೆಯಲ್ಲ? ಸಂಜೆ ಮಗು ಎತ್ತಿಕೊಂಡು ನಿಂತಾಗ ಎದುರಿನ ಟೆರೇಸುಗಳ ನೀರಿನ ಟ್ಯಾಂಕು, ತೆಂಗಿನ ಮರದ ತಲೆ, ಅವುಗಳ ಹಿಂದಿನ ಬೆಳಕನ್ನು ಅರ್ಧ ಕಣ್ಣಲ್ಲಿ ನೋಡಿ. ಮಗು ಮಲಗಿದ ಮೇಲೆ ಪೋಸ್ಟ್‌ಕಾರ್ಡ್ ಅಳತೆಯ ಕಾಗದದಲ್ಲಿ ನೆನಪಾದಷ್ಟು ಹಾಕಿ. ಹತ್ತು ನಿಮಿಷ ಸಾಕು.