ಬೊಕ್ಕತಲೆ ಸಂಶೋಧನೆಗೆ ಚಂದಾ ಕೊಡಬೇಕಾ?

ಚರ್ಮ, ಕೂದಲಿನ ಬಗ್ಗೆ ಓದುಗರ ಪ್ರಶ್ನೆಗಳಿಗೆ ಚರ್ಮವೈದ್ಯೆಯ ಉತ್ತರ

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಹಣೆಯ ಎರಡೂ ಪಕ್ಕ ಕೂದಲು ಹಿಂದೆ ಸರಿದಿದೆ, ನೆತ್ತಿಯೂ ಕಾಣಿಸುತ್ತಿದೆ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಗೆಳೆಯನೊಬ್ಬ ನನ್ನನ್ನು ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದಾನೆ. 'ಹೇರ್ ಕ್ಲೋನಿಂಗ್', ಅಂದರೆ ಒಂದು ಕೂದಲಿನ ಕೋಶಗಳಿಂದ ಸಾವಿರ ಕೂದಲು ಬೆಳೆಸುವ ಸಂಶೋಧನೆಗೆ ಕ್ರೌಡ್‌ಫಂಡಿಂಗ್ (ಜನರಿಂದ ಚಂದಾ) ಅಂತೆ, ತಲಾ 10,000 ರೂಪಾಯಿ. ಎರಡು ವರ್ಷದಲ್ಲಿ ಚಿಕಿತ್ಸೆ ರೆಡಿ, ದುಡ್ಡು ಕೊಟ್ಟವರಿಗೆ ಮೊದಲ ಸರದಿ, ಅರ್ಧ ಬೆಲೆ, ಕಂಪನಿಯಲ್ಲಿ ಸಣ್ಣ ಪಾಲೂ ಕೊಡುತ್ತೇವೆ ಎನ್ನುತ್ತಾರೆ. ಇಲಿಯ ಬೆನ್ನಲ್ಲಿ ಕೂದಲು ಬೆಳೆದ ಫೋಟೋ ಹಾಕಿದ್ದಾರೆ. ಕೊಡಲಾ?
– ಹೆಸರು ಬೇಡ, ತಿಪಟೂರು

ಉತ್ತರ: ಕೊಡಬೇಡಿ. ಇಷ್ಟು ತಿಳಿದರೆ ಸಾಕು ಅನ್ನುವವರು ಮುಂದಿನ ಪ್ರಶ್ನೆಗೆ ಹೋಗಬಹುದು. ಯಾಕೆ ಅಂತ ಕೇಳುವವರಿಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲು ಆ ಇಲಿ. ಇಲಿಯ ಬೆನ್ನಿನ ಕೂದಲು ಹೆಚ್ಚುಕಡಿಮೆ ಒಟ್ಟಿಗೇ ಬೆಳೆಯುತ್ತದೆ, ಒಟ್ಟಿಗೇ ನಿಲ್ಲುತ್ತದೆ. ಬೆಳವಣಿಗೆ ಮತ್ತೆ ಶುರುವಾಗುವ ಹೊತ್ತಿಗೆ ಬೋಳಿಸಿ, ಏನೋ ಒಂದು ಹಚ್ಚಿದರೆ ಬೇಗನೆ ಕಪ್ಪಗೆ ತುಂಬಿಕೊಳ್ಳುತ್ತದೆ. ಹೆಸರು ಮಾತ್ರ ಹಚ್ಚಿದ ಎಣ್ಣೆಗೆ! ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿನ ಬುಡಗಳಿವೆ. ಒಂದೊಂದಕ್ಕೂ ಅದರದೇ ಲೆಕ್ಕ. ಎರಡರಿಂದ ಆರು ವರ್ಷ ಬೆಳೆಯುತ್ತದೆ, ಮೂರು ತಿಂಗಳು ಸುಮ್ಮನಿರುತ್ತದೆ, ಆಮೇಲೆ ಉದುರಿ ಹೊಸದು ಬರುತ್ತದೆ. ಗಂಡಸರ ಬೊಕ್ಕತಲೆಯಲ್ಲಿ ಈ ಬುಡಗಳು ಗಂಡು ಹಾರ್ಮೋನಿನ ಕಾಟಕ್ಕೆ ವರ್ಷ ವರ್ಷವೂ ಸಣ್ಣದಾಗುತ್ತಾ ಹೋಗುತ್ತವೆ. ಇಲಿಗೆ ಈ ತೊಂದರೆಯೇ ಇಲ್ಲ. ಹಾಗಾಗಿ ಇಲಿಯ ಫೋಟೋ ನೋಡಿ ದುಡ್ಡು ಬಿಚ್ಚಬಾರದು.

ಹಾಗಂತ ಹೇರ್ ಕ್ಲೋನಿಂಗ್ ಅನ್ನುವುದು ಪೂರ್ತಿ ಬುರುಡೆಯಲ್ಲ. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದಲ್ಲಿ ಕಾಲಿನ್ ಜಹೋಡಾ ಅಂತ ವಿಜ್ಞಾನಿ. ತಮ್ಮ ತಲೆಯ ಕೂದಲಿನ ಬುಡದಿಂದ ಸ್ವಲ್ಪ ಅಂಗಾಂಶ ತೆಗೆದು, ಜೊತೆಗೇ ಕೆಲಸ ಮಾಡುತ್ತಿದ್ದ ಹೆಂಡತಿ ಅಮಾಂಡಾ ರೆನಾಲ್ಡ್ಸ್ ಅವರ ತೋಳಿನ ಚರ್ಮಕ್ಕೆ ಸೇರಿಸಿದರು. ಅಲ್ಲಿ ಹೊಸ ಕೂದಲು ಹುಟ್ಟಿತು. 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಸಂಸಾರದಲ್ಲಿ ಏನೇನೋ ಹಂಚಿಕೊಳ್ಳುತ್ತೇವೆ, ಇದೊಂದು ಬಾಕಿ ಇತ್ತು ನೋಡಿ.

ತೊಡಕು ಇರುವುದು ಮುಂದೆ. ಒಂದು ಬುಡದಿಂದ ಒಂದೇ ಕೂದಲು ಬಂದರೆ ಲಾಭವೇನು? ಕೋಶಗಳನ್ನು ಲ್ಯಾಬಿನ ತಟ್ಟೆಯಲ್ಲಿ ಸಾವಿರಪಟ್ಟು ಬೆಳೆಸಬೇಕು. ತಟ್ಟೆಯಲ್ಲಿ ಚಪ್ಪಟೆಯಾಗಿ ಹರಡಿಕೊಂಡ ತಕ್ಷಣ ಆ ಕೋಶಗಳು ಕೂದಲು ಹುಟ್ಟಿಸುವುದನ್ನೇ ಮರೆತುಬಿಡುತ್ತವೆ. 2013ರಲ್ಲಿ ಜಹೋಡಾ ಮತ್ತು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಏಂಜೆಲಾ ಕ್ರಿಸ್ಟಿಯಾನೊ ತಂಡ ಒಂದು ಉಪಾಯ ಮಾಡಿತು. ಕೋಶಗಳನ್ನು ಹನಿಗಳಲ್ಲಿ ಹಾಕಿ ಜೋತುಬಿಟ್ಟರು. ಭಾರಕ್ಕೆ ಅವೆಲ್ಲ ಹನಿಯ ತುದಿಗೆ ಇಳಿದು, ಉಂಡೆ ಕಟ್ಟಿಕೊಂಡು, ಮರೆತದ್ದರಲ್ಲಿ ಒಂದಿಷ್ಟು ನೆನಪು ಮಾಡಿಕೊಂಡವು. ಆ ಉಂಡೆಗಳನ್ನು ಮನುಷ್ಯರ ಚರ್ಮದ ತುಂಡಿನಲ್ಲಿಟ್ಟು ಇಲಿಯ ಬೆನ್ನಿಗೆ ಕಸಿ ಮಾಡಿದರು. ಆ ಚರ್ಮ ಯಾವುದು ಗೊತ್ತಾ? ಗಂಡು ಶಿಶುಗಳ ಮುಂದೊಗಲು. ಅಲ್ಲಿ ಹುಟ್ಟಿನಿಂದಲೇ ಕೂದಲಿರುವುದಿಲ್ಲ. ಬಂದರೆ ಈ ಕೋಶಗಳಿಂದಲೇ ಬಂದಿರಬೇಕು, ತಕರಾರೇ ಇಲ್ಲ. ಏಳು ಜನರ ಕೋಶಗಳಲ್ಲಿ ಐದು ಜನರದ್ದು ಕೂದಲು ಬಿಟ್ಟಿತು. ಒಳ್ಳೆಯ ಕೆಲಸ. ಆದರೆ ಒಂದು ಕೂದಲನ್ನು ಸಾವಿರ ಮಾಡಿ ತಲೆ ತುಂಬಿಸುವ ಚಿಕಿತ್ಸೆ ಇವತ್ತಿಗೂ ಇಲ್ಲ.

ದುಡ್ಡಿಲ್ಲದೆ ನಿಂತಿದೆ ಅಂದುಕೊಳ್ಳಬೇಡಿ. ಜಪಾನಿನ ದೊಡ್ಡ ವಿಗ್ ಕಂಪನಿ ಅಡೆರಾನ್ಸ್ ಇದಕ್ಕೆಂದೇ ಅಮೆರಿಕದಲ್ಲಿ ಒಂದು ಸಂಶೋಧನಾ ಸಂಸ್ಥೆ ಇಟ್ಟಿತ್ತು. ಮನುಷ್ಯರ ಮೇಲೆ ಎರಡನೇ ಹಂತದ ಪ್ರಯೋಗದವರೆಗೂ ಹೋಗಿ, 2013ರಲ್ಲಿ ಬಾಗಿಲು ಹಾಕಿತು. ನಿಮ್ಮ ಗ್ರೂಪಿನಲ್ಲಿ 300 ಜನ ಇದ್ದಾರೆ ಅಂತಲೇ ಇಟ್ಟುಕೊಳ್ಳೋಣ. ತಲಾ ಹತ್ತು ಸಾವಿರ ಅಂದರೆ 30 ಲಕ್ಷ. ಲ್ಯಾಬಿನಲ್ಲಿ ಒಂದು ಸಣ್ಣ ಪ್ರಯೋಗ ಆದೀತು. ಎರಡು ವರ್ಷದಲ್ಲಿ ಚಿಕಿತ್ಸೆ? ಸಾಧ್ಯವೇ ಇಲ್ಲ. ಕೂದಲಿನ ಔಷಧಿ ಕೆಲಸ ಮಾಡಿತಾ ಇಲ್ಲವಾ ಅಂತ ಒಬ್ಬರ ತಲೆಯಲ್ಲಿ ನೋಡಲಿಕ್ಕೇ ಆರು ತಿಂಗಳಿಂದ ವರ್ಷ ಬೇಕು.

ಇನ್ನು 'ಕಂಪನಿಯಲ್ಲಿ ಪಾಲು'. ಇದು ಬೇರೆಯದೇ ತಂಟೆ. ಖಾಸಗಿ ಕಂಪನಿಯೊಂದು ಹೀಗೆ ಬೀದಿಯಲ್ಲಿ ನಿಂತು ಷೇರು ಮಾರುವಂತಿಲ್ಲ. ಖಾಸಗಿಯಾಗಿ ಕೊಡುವುದಕ್ಕೂ ವರ್ಷಕ್ಕೆ 200 ಜನ ಅನ್ನುವ ಮಿತಿ ಇದೆ. ಆನ್‌ಲೈನ್‌ನಲ್ಲಿ ಈ ಥರ ಷೇರಿನ ಹೆಸರಲ್ಲಿ ಹಣ ಎತ್ತುವವರ ಬಗ್ಗೆ ಷೇರುಪೇಟೆಯ ನಿಯಂತ್ರಕ ಸೆಬಿ 2016ರಲ್ಲೇ ಎಚ್ಚರಿಕೆ ಕೊಟ್ಟಿದೆ. 'ಮೊದಲ ಸರದಿ, ಅರ್ಧ ಬೆಲೆ' ಎನ್ನುವುದೂ ಸರಿಯಲ್ಲ. ಇನ್ನೂ ಪ್ರಯೋಗದಲ್ಲಿರುವ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಚಿಕಿತ್ಸೆಗೆ ರೋಗಿಯಿಂದ ದುಡ್ಡು ತೆಗೆದುಕೊಳ್ಳಬಾರದು ಅಂತ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಮಾರ್ಗಸೂಚಿಯಲ್ಲೇ ಇದೆ. ಹೊಸ ಕೂದಲು ಬೆಳೆಸುತ್ತೇವೆ ಎಂದು ಔಷಧಿಯ ಮೇಲೆ ಹೇಳಿಕೊಳ್ಳುವುದನ್ನೂ ನಮ್ಮ ಔಷಧ ನಿಯಮಗಳ ಷೆಡ್ಯೂಲ್ ಜೆ ಎನ್ನುವ ಪಟ್ಟಿ ತಡೆಯುತ್ತದೆ.

ಗ್ರೂಪಿನಲ್ಲಿ ಒಂದೇ ಒಂದು ಪ್ರಶ್ನೆ ಹಾಕಿ ನೋಡಿ: 'ನಿಮ್ಮ ಸಿಟಿಆರ್‌ಐ ನಂಬರ್ ಎಷ್ಟು?' ನಮ್ಮ ದೇಶದಲ್ಲಿ ಮನುಷ್ಯರ ಮೇಲೆ ಮಾಡುವ ಪ್ರತಿ ಔಷಧ ಪ್ರಯೋಗವನ್ನೂ ಈ ಸರ್ಕಾರಿ ನೋಂದಣಿಯಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ. ಯಾವ ಡಾಕ್ಟರು, ಯಾವ ಆಸ್ಪತ್ರೆ, ಎಷ್ಟು ಜನ, ಪ್ರಯೋಗ ಮಾಡಬಹುದೋ ಬಾರದೋ ಅಂತ ನೋಡುವ ಯಾವ ನೈತಿಕ ಸಮಿತಿ ಒಪ್ಪಿದೆ, ಎಲ್ಲ ಅಲ್ಲಿ ಪುಕ್ಕಟೆ ಓದಬಹುದು. 'ನಾವಿನ್ನೂ ಲ್ಯಾಬ್ ಹಂತದಲ್ಲಿದ್ದೇವೆ' ಎಂದರೆ, ಹಾಗಾದರೆ ಎರಡು ವರ್ಷದ ಮಾತು ಎಲ್ಲಿಂದ ಬಂತು ಅಂತ ಕೇಳಿ. ಬಹುಶಃ ಅಡ್ಮಿನ್ ನಿಮ್ಮನ್ನು ಗ್ರೂಪಿನಿಂದ ತೆಗೆದುಹಾಕುತ್ತಾರೆ. ಹತ್ತು ಸಾವಿರ ಉಳಿಯಿತು.

ಆ ದುಡ್ಡಲ್ಲಿ ಒಬ್ಬ ಚರ್ಮವೈದ್ಯರನ್ನು ಕಾಣಿ. ಮಿನಾಕ್ಸಿಡಿಲ್, ಫಿನಾಸ್ಟರೈಡ್ ಎರಡೂ ಹಳೆಯ ಮದ್ದುಗಳೇ. ಮೊದಲನೆಯದು ಬಿಪಿ ಮಾತ್ರೆಯಾಗಿ ಬಂದದ್ದು, ಎರಡನೆಯದು ಪ್ರಾಸ್ಟೇಟ್ ಗ್ರಂಥಿಯ ಮದ್ದಾಗಿ. ಪವಾಡವಲ್ಲ, ಆದರೆ 27ರಲ್ಲಿ ಶುರು ಮಾಡಿದರೆ ಇರುವುದನ್ನು ಉಳಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಫಿನಾಸ್ಟರೈಡ್‌ನಿಂದ ಕೆಲವರಿಗೆ ಲೈಂಗಿಕ ತೊಂದರೆ ಆಗುತ್ತದೆ, ಅದನ್ನು ನಾಚಿಕೆ ಬಿಟ್ಟು ಡಾಕ್ಟರ ಹತ್ತಿರ ಮಾತಾಡಿಯೇ ಶುರು ಮಾಡಿ. ಹೆಣ್ಣು ನೋಡಲು ಟೋಪಿ ಹಾಕಿಕೊಂಡು ಮಾತ್ರ ಹೋಗಬೇಡಿ ತಮ್ಮಾ.

ಪ್ರಶ್ನೆ: ಡಾಕ್ಟ್ರೇ, ನನ್ನ ಹತ್ತು ವರ್ಷದ ಮಗನ ತಲೆಯಲ್ಲಿ ನಾಣ್ಯದಷ್ಟು ಅಗಲಕ್ಕೆ ಎರಡು ಕಡೆ ಕೂದಲು ಹೋಗಿದೆ. ನಮ್ಮ ಅತ್ತೆ ಹುಳ ತಿಂದಿದೆ ಅಂತ ಈರುಳ್ಳಿ ರಸ ಉಜ್ಜುತ್ತಿದ್ದಾರೆ. ಡಾಕ್ಟರು ಅಲೋಪೀಶಿಯಾ ಏರಿಯೇಟಾ ಅಂದರು. ನ್ಯೂಜೆರ್ಸಿಯಲ್ಲಿರುವ ನನ್ನ ಅಣ್ಣ ಇದರ ಸಂಶೋಧನೆಗೆ ಅಲ್ಲಿನ ಒಂದು ಸಂಸ್ಥೆಗೆ ಹಣ ಕೊಡುತ್ತೇನೆ ಅಂತಿದ್ದಾನೆ. ಅದೂ ಮೋಸವೇ?
– ಒಬ್ಬ ತಾಯಿ, ಗದಗ

ಉತ್ತರ: ಅಲ್ಲಮ್ಮ. ಸಂಸ್ಥೆ ಸರಿಯಾದದ್ದಾದರೆ ಅಣ್ಣನನ್ನು ತಡೆಯಬೇಡಿ. ಈರುಳ್ಳಿ ರಸ ನಿಲ್ಲಿಸಿ, ಚರ್ಮ ಉರಿದು ಹೋಗುತ್ತದೆ. ಇದರಲ್ಲಿ ಹುಳವೂ ಇಲ್ಲ, ಮಗನ ತಪ್ಪೂ ಇಲ್ಲ. ದೇಹದ ಕಾವಲು ವ್ಯವಸ್ಥೆ ದಾರಿ ತಪ್ಪಿ ಕೂದಲಿನ ಬುಡದ ಮೇಲೇ ದಾಳಿ ಮಾಡುತ್ತದೆ. ತಿಪಟೂರಿನ ಹುಡುಗನದ್ದು ಬೇರೆ, ಇದು ಬೇರೆ.

ಜನರ ಸಣ್ಣ ಹಣ ದೊಡ್ಡ ಔಷಧಿಯ ದಾರಿಗೆ ಬಂದದ್ದು ಈ ಕಾಯಿಲೆಯಲ್ಲೇ. ಅಮೆರಿಕದಲ್ಲಿ 1981ರಿಂದ ಇದೇ ಕಾಯಿಲೆಯವರ ಒಂದು ಪ್ರತಿಷ್ಠಾನ ಇದೆ, ನ್ಯಾಷನಲ್ ಅಲೋಪೀಶಿಯಾ ಏರಿಯೇಟಾ ಫೌಂಡೇಶನ್. ದೇಶದ ಬೇರೆ ಬೇರೆ ಕಡೆಯ ರೋಗಿಗಳು ಹೆಸರು ಬರೆಸಿ, ರಕ್ತದ ಮಾದರಿ ಕೊಟ್ಟ ಒಂದು ನೋಂದಣಿ ಶುರುವಾಯಿತು. ಮೇಲೆ ಹೇಳಿದೆನಲ್ಲ, ಏಂಜೆಲಾ ಕ್ರಿಸ್ಟಿಯಾನೊ, ಅವರಿಗೂ ಇದೇ ಕಾಯಿಲೆ ಇದೆ. ಅವರ ತಂಡ 1,054 ರೋಗಿಗಳ ಮಾದರಿಗಳನ್ನು ಇಟ್ಟುಕೊಂಡು 2010ರಲ್ಲಿ ಯಾವ ಯಾವ ಜೀನ್‌ಗಳ ಕೈವಾಡ ಇದೆ ಅಂತ ಕಂಡುಹಿಡಿಯಿತು. ಅದರ ಜಾಡು ಹಿಡಿದು 2014ರಲ್ಲಿ ಮೂರೇ ಮೂರು ರೋಗಿಗಳಿಗೆ, ಬೇರೆ ಕಾಯಿಲೆಗೆ ಬಂದಿದ್ದ ರಕ್ಸೊಲಿಟಿನಿಬ್ ಮಾತ್ರೆ ಕೊಟ್ಟರು. ಐದು ತಿಂಗಳಲ್ಲಿ ಕೂದಲು ಹೆಚ್ಚುಕಡಿಮೆ ಪೂರ್ತಿ ಬಂತು. ಈ ಕೆಲಸಕ್ಕೆ ಸರ್ಕಾರದ ಹಣದ ಜೊತೆ ಲಾಕ್ಸ್ ಆಫ್ ಲವ್ ಅನ್ನುವ ದಾನ ಸಂಸ್ಥೆಯ ಹಣವೂ ಸೇರಿತ್ತು. ಮಕ್ಕಳಿಗೆ ವಿಗ್ ಮಾಡಿಕೊಡಲು ಜನರಿಂದ ಜಡೆ ದಾನ ಪಡೆಯುವ ಸಂಸ್ಥೆ ಅದು.

ಅಲ್ಲಿಂದ ಮುಂದಿನದ್ದನ್ನು ಎಳೆಯಲು ದೊಡ್ಡ ಕಂಪನಿಯೇ ಬೇಕಾಯಿತು. ಇದೇ ಬಗೆಯ ಬ್ಯಾರಿಸಿಟಿನಿಬ್ ಮಾತ್ರೆಯನ್ನು 1,200 ಜನರ ಮೇಲೆ ಪರೀಕ್ಷಿಸಿದರು. ಹೆಚ್ಚಿನ ಡೋಸ್ ತೆಗೆದುಕೊಂಡವರಲ್ಲಿ ನೂರಕ್ಕೆ 36ರಿಂದ 39 ಜನರಿಗೆ ತಲೆಯ ಬಹುಪಾಲು ಕೂದಲು ಬಂತು. ಹೋಲಿಕೆಗೆಂದು ಕೊಟ್ಟ, ಮದ್ದಿಲ್ಲದ ಸುಳ್ಳು ಮಾತ್ರೆ ತಿಂದವರಲ್ಲಿ ಮೂರರಿಂದ ಆರು ಜನರಿಗೆ. 2022ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹನಿಗೂಡಿದರೆ ಹಳ್ಳ ಅನ್ನುವುದು ನಿಜ, ಆದರೆ ಹಳ್ಳ ಹೊಳೆಗೆ ಸೇರಿದ ಮೇಲೇ ಇದು ದಡ ಮುಟ್ಟಿದ್ದು. ಹಣಕ್ಕಿಂತ ಆ ರಕ್ತದ ಮಾದರಿಗಳೇ ಹೆಚ್ಚು ಕೆಲಸ ಮಾಡಿದವು ಅಂತ ನನ್ನ ಲೆಕ್ಕ.

ನಿಮ್ಮ ಮಗನಿಗೆ ಈ ಮಾತ್ರೆ ಬೇಕಿಲ್ಲ. ಎರಡೇ ಕಡೆ ಇದ್ದರೆ ಎಷ್ಟೋ ಮಕ್ಕಳಿಗೆ ತಾನಾಗಿಯೇ ಬರುತ್ತದೆ. ಡಾಕ್ಟರು ಕೊಟ್ಟ ಮುಲಾಮು ಹಚ್ಚಿ, ಕಾಯಿರಿ. ಶಾಲೆಯಲ್ಲಿ ಮೇಷ್ಟ್ರಿಗೆ ಒಂದು ಮಾತು ಹೇಳಿಡಿ, ಇದು ಅಂಟುವುದಿಲ್ಲ ಅಂತ.

ಪ್ರಶ್ನೆ: ನಾನು ಬಯೋಟೆಕ್ನಾಲಜಿ ಎಂ.ಎಸ್ಸಿ. ವಿದ್ಯಾರ್ಥಿನಿ. ಕೂದಲು ಉದುರುವ ಬಗ್ಗೆ ಸಣ್ಣ ಸಂಶೋಧನೆಗೆ ಜನರಿಂದ ಹಣ ಎತ್ತಬಹುದಾ ಮೇಡಂ?
– ಮೈಸೂರು

ಉತ್ತರ: ಧಾರಾಳವಾಗಿ. ಆದರೆ 'ಬೊಕ್ಕತಲೆಗೆ ಮದ್ದು ಹುಡುಕುತ್ತೇನೆ' ಅಂತ ಹೊರಡಬೇಡಿ. ಒಂದು ಪ್ರಶ್ನೆ ಇಟ್ಟುಕೊಳ್ಳಿ. ಡೆಂಗಿ ಜ್ವರ ಬಂದು ಎರಡು ಮೂರು ತಿಂಗಳಾದ ಮೇಲೆ ಬಾಚಣಿಗೆ ತುಂಬಾ ಕೂದಲು ಬರುತ್ತದೆ ಅಂತ ಅಳುತ್ತಾ ಬರುವವರು ನನ್ನ ಕ್ಲಿನಿಕ್ಕಿನಲ್ಲಿ ಮಳೆಗಾಲ ಮುಗಿದ ಮೇಲೆ ಬಹಳ. ಎಷ್ಟು ಉದುರುತ್ತದೆ, ಯಾವಾಗ ನಿಲ್ಲುತ್ತದೆ? ಇದನ್ನು ಎಣಿಸಿ ಬರೆದರೂ ಉಪಕಾರವೇ.

ಎಣಿಸುವುದಕ್ಕೂ ಕ್ರಮ ಇದೆ. ಔಷಧಿ ಪ್ರಯೋಗಗಳಲ್ಲಿ ತಲೆಯ ಮೇಲೆ ಸಾಸಿವೆಗಿಂತ ಸಣ್ಣ ಹಚ್ಚೆಯ ಚುಕ್ಕೆ ಹಾಕುತ್ತಾರೆ. ಅದರ ಸುತ್ತ ಸುಮಾರು ಒಂದು ಚದರ ಸೆಂಟಿಮೀಟರ್ ಜಾಗದ ಕೂದಲನ್ನು ಗಿಡ್ಡ ಮಾಡಿ, ಹತ್ತಿರದಿಂದ ಫೋಟೋ ತೆಗೆದು, ಎಣಿಸುತ್ತಾರೆ. ತಿಂಗಳುಗಳು ಕಳೆದ ಮೇಲೆ ಅದೇ ಚುಕ್ಕೆ, ಅದೇ ಬೆಳಕು, ಮತ್ತೆ ಎಣಿಕೆ. ಜಾಹೀರಾತಿನ 'ಮೊದಲು – ಆಮೇಲೆ' ಫೋಟೋಗಳಲ್ಲಿ ಲೈಟು ಬದಲಾಗಿರುವುದನ್ನು ನೀವೂ ನೋಡಿರುತ್ತೀರಿ.

ಹಣ ಕೇಳುವ ಮುಂಚೆ ನೈತಿಕ ಸಮಿತಿಯ ಒಪ್ಪಿಗೆ ತೆಗೆದುಕೊಳ್ಳಿ. ನಿಮ್ಮ ಸ್ವಂತ ಖಾತೆಗೆ ಬೇಡ, ವಿಶ್ವವಿದ್ಯಾಲಯದ ಖಾತೆಗೇ ಬರಲಿ. ವಿದೇಶಿ ಪ್ರಜೆಗಳು ಕೊಡುವುದಾದರೆ ವಿದೇಶಿ ದೇಣಿಗೆಯ ಎಫ್‌ಸಿಆರ್‌ಎ ನಿಯಮ ಅಡ್ಡ ಬರುತ್ತದೆ, ಆಫೀಸಿನಲ್ಲಿ ಮೊದಲೇ ವಿಚಾರಿಸಿ. ಅಮೆರಿಕದಲ್ಲಿ ವಿಜ್ಞಾನಕ್ಕೆಂದೇ ಇರುವ 'ಎಕ್ಸ್‌ಪೆರಿಮೆಂಟ್' ತಾಣದ ಒಂದು ಪದ್ಧತಿ ನನಗೆ ಇಷ್ಟ: ಗುರಿ ಇಟ್ಟಷ್ಟು ಹಣ ಕೂಡದಿದ್ದರೆ ಯಾರಿಂದಲೂ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಗಣೇಶನ ಚಂದಾ ಎತ್ತುವ ಹುಡುಗರ ಹಾಗೆ ಬಂದಷ್ಟಕ್ಕೆ ಪೆಂಡಾಲ್ ಹಾಕಿದರೆ ಸಂಶೋಧನೆ ಆಗುವುದಿಲ್ಲ. ಫಲಿತಾಂಶ ಏನೇ ಬಂದರೂ, ಏನೂ ಸಿಗದಿದ್ದರೂ, ಕೊಟ್ಟವರಿಗೆ ಕನ್ನಡದಲ್ಲಿ ಎರಡು ಪುಟ ಬರೆದು ಕಳಿಸಿ.

ಪ್ರಶ್ನೆ: ಮೊಮ್ಮಗಳ ಮುಡಿ ಕೊಡಲು ಧರ್ಮಸ್ಥಳಕ್ಕೆ ಹೋಗುತ್ತಿದ್ದೇವೆ. ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎನ್ನುವುದನ್ನು ಯಾರಾದರೂ ಸಂಶೋಧನೆ ಮಾಡಿದ್ದಾರಾ?
– ಅಜ್ಜಿ, ಅರಸೀಕೆರೆ

ಉತ್ತರ: ಮಾಡಿದ್ದಾರೆ ಅಮ್ಮ, 1928ರಲ್ಲೇ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮಿಲ್ಡ್ರೆಡ್ ಟ್ರಾಟರ್ ಅನ್ನುವ ಅಂಗರಚನಾ ವಿಜ್ಞಾನಿ. ಬೋಳಿಸುವುದರಿಂದ ಕೂದಲು ದಪ್ಪವೂ ಆಗುವುದಿಲ್ಲ, ಬೇಗನೂ ಬರುವುದಿಲ್ಲ ಅಂತ ತೋರಿಸಿದರು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ಸಿಗುತ್ತದೆ, ಅಷ್ಟೇ. ಹರಕೆ ತೀರಿಸಿ ಬನ್ನಿ. ನಿಮ್ಮೆದುರಿಗೇ ಹೊಸ ಬ್ಲೇಡ್ ಹಾಕಿಸಿ, ಮಗುವಿಗೆ ಬಿಸಿಲಿಗೆ ಒಂದು ಹತ್ತಿ ಟೋಪಿ ಇಟ್ಟುಕೊಳ್ಳಿ.