ಫೈಬರ್ ಹೊದಿಸಿದ ಹಳೇ ಮರದ ದೋಣಿ: ಮೊದಲು ಒಳಗಿನ ಮರ ನೋಡಿ

ಗಂಗೊಳ್ಳಿ ಕಡೆ 20 ಅಡಿಯ ಹಳೇ ಮೀನುಗಾರಿಕೆ ದೋಣಿ ಸಿಗುತ್ತಿದೆ, ಮರದ್ದು, ಹೊರಮೈಗೆ ಫೈಬರ್ (ರೆಸಿನ್ ಎಂಬ ಅಂಟಿನಲ್ಲಿ ನೆನೆಸಿದ ಗಾಜಿನ ನಾರು) ಹೊದಿಸಿದ್ದಾರೆ, ಎರಡು ಮಳೆಗಾಲದಿಂದ ದಡದಲ್ಲೇ ಬಿದ್ದಿದೆ. ರಜೆಯಲ್ಲಿ ಹಿನ್ನೀರಿನಲ್ಲಿ ಓಡಾಡಲು ಸರಿಮಾಡಿಕೊಳ್ಳಬೇಕು, ಸೀಳಿದ ಕಡೆ ಇನ್ನೊಂದು ಪದರ ಫೈಬರ್ ಹಾಕಿದರೆ ಸಾಕೇ ಎಂದು ಕೇಳಿದ್ದೀರಿ.

ಸಾಕಾಗುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಹೆದರಿಸುವುದು ಸೀಳಿಗಿಂತ ಆ "ಎರಡು ಮಳೆಗಾಲ". ಉಪ್ಪುನೀರಿನಲ್ಲಿ ಮರಕ್ಕೆ ಹುಳದ ಕಾಟ ಇದೆ, ಆದರೆ ಲಡ್ಡು (ಮರ ಕೊಳೆತು ಮೆತ್ತಗಾಗುವುದು) ಹಿಡಿಸುವುದು ಒಳಗೆ ನಿಂತ ಮಳೆನೀರು. ಹತ್ತು ವರ್ಷ ಹೊಳೆಯಲ್ಲೇ ದುಡಿದ ದೋಣಿಗಿಂತ ಬಾಯಿ ಮೇಲೆ ಮಾಡಿಕೊಂಡು ದಡದಲ್ಲಿ ಕೂತದ್ದೇ ಹೆಚ್ಚು ಕೆಟ್ಟಿರುತ್ತದೆ.

ದುಡ್ಡು ಕೊಡುವ ಮುಂಚೆ ಒಂದು ಮರದ ಕೊಡತಿ, ಒಂದು ದಬ್ಬಣ, ಒಂದು ಅಯಸ್ಕಾಂತ ಹಿಡಿದುಕೊಂಡು ಹೋಗಿ. ಹೊರಮೈಯನ್ನು ಅಂಗೈ ಅಗಲಕ್ಕೊಂದರಂತೆ ಕೊಡತಿಯಿಂದ ತಟ್ಟುತ್ತ ಬನ್ನಿ. ಗಟ್ಟಿಯಾಗಿ "ಟಕ್" ಎಂದರೆ ಫೈಬರ್ ಮರಕ್ಕೆ ಕಚ್ಚಿಕೊಂಡಿದೆ. ಹಪ್ಪಳದ ಹಾಗೆ ಪೊಳ್ಳು ಸದ್ದು ಬಂದರೆ ಬಿಟ್ಟಿದೆ, ನಡುವೆ ನೀರು ಸೇರಿರಬಹುದು. ಆಮೇಲೆ ಒಳಗಿನಿಂದ ದಬ್ಬಣ ಒತ್ತಿ: ಮುಂಭಾಗದ ತಳ, ಅಡ್ಡಮರಗಳ ಬುಡ, ಇಂಜಿನ್ ಕೂರುವ ಹಿಂಬದಿ ಹಲಗೆ. ಕೈಬಲದಲ್ಲೇ ಐದಾರು ಮಿಲಿಮೀಟರ್ ಇಳಿದರೆ ಅದು ಲಡ್ಡು. ಅಯಸ್ಕಾಂತ ಮೊಳೆಗಳಿಗೆ: ಅಂಟದಿದ್ದರೆ ಬಹುತೇಕ ತಾಮ್ರ, ಒಳ್ಳೆಯದು. ಅಂಟಿದರೆ ಕಬ್ಬಿಣ, ಸುತ್ತ ಮಸಿಗಪ್ಪು ಕಲೆ ಇದ್ದರೆ ಮೊಳೆಯೂ ಹೋಗಿದೆ, ಅದು ಹಿಡಿದಿದ್ದ ಮರವೂ ಹೋಗಿದೆ. ತಳದ ನಡುಮರ ಕೆಟ್ಟಿದ್ದರೆ, ಅಥವಾ ಮೂರರಲ್ಲೊಂದು ಪಾಲು ಹಲಗೆ ಬದಲಿಸಬೇಕಾದರೆ, ಕೈಮುಗಿದು ವಾಪಸ್ ಬನ್ನಿ. ಹೊಸದು ಕಟ್ಟಿಸುವುದೇ ಅಗ್ಗ.

ಪೊಳ್ಳು ಸದ್ದು ಅಲ್ಲಲ್ಲಿ ಬಂದರೂ ಫೈಬರನ್ನು ಪೂರ್ತಿ ಕಿತ್ತುಹಾಕಿ. ತೇಪೆ ಹಾಕಿದರೆ ನೀರು ಒಳಗೇ ಮುಚ್ಚಿಹೋಗಿ, ಉಳಿದ ಒಳ್ಳೆ ಮರವನ್ನೂ ತಿನ್ನುತ್ತದೆ. ಬರೀ ಮರಕ್ಕೆ ಬಂದ ಮೇಲೆ ನಾಲ್ಕೈದು ದಿನ ಬಾವಿನೀರಿನಿಂದ ತೊಳೆಯಬೇಕು. ಉಪ್ಪು ಉಳಿದರೆ ಗಾಳಿಯ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ಒಣಗಿಸುವುದು ನೆರಳಿನಲ್ಲಿ, ಡಿಸೆಂಬರಿನಿಂದ ಮಾರ್ಚ್ ಒಳಗೆ. ಬಿಸಿಲಿಗಿಟ್ಟರೆ ಹಲಗೆ ಬಿರಿಯುತ್ತದೆ. ಕೆಳಗೆ ಮೂರು ಕಡೆ ಸಮಮಟ್ಟದಲ್ಲಿ ದಿಮ್ಮಿ ಕೊಡಿ, ಇಲ್ಲದಿದ್ದರೆ ದೋಣಿ ಸೊಟ್ಟಗೆ ಒಣಗುತ್ತದೆ. ಕನಿಷ್ಠ ಎರಡು ತಿಂಗಳು. ಒಣಗಿದೆಯೋ ಇಲ್ಲವೋ ತಿಳಿಯಲು ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ಕನ್ನು ಹಲಗೆಗೆ ನಾಲ್ಕೂ ಅಂಚು ಬಿಗಿಯಾಗಿ ಟೇಪ್ ಹಾಕಿ ಅಂಟಿಸಿ. ಮರುದಿನ ಒಳಗಡೆ ಬೆವರು ಕಂಡರೆ ಇನ್ನೂ ಕಾಯಿರಿ. ಮಾಯಿಶ್ಚರ್ ಮೀಟರ್ ಇದ್ದರೆ 15%ಕ್ಕಿಂತ ಕೆಳಗೆ ಬರಬೇಕು.

ಹಲಗೆ ಬದಲಿಸಲು ಹೆಬ್ಬಲಸು ಸಿಕ್ಕರೆ ಬೇರೆ ಯೋಚನೆ ಬೇಡ. ಜೋಡಣೆ ಓರೆಯಾಗಿರಲಿ: 1 ಇಂಚು ದಪ್ಪದ ಹಲಗೆಗೆ 8 ಇಂಚು ಉದ್ದದ ಓರೆ. ಪಕ್ಕಪಕ್ಕದ ಹಲಗೆಗಳ ಜೋಡಣೆ ಒಂದೇ ಸಾಲಿಗೆ ಬರಬಾರದು. ತಾಮ್ರದ ಮೊಳೆ ಇರುವಲ್ಲಿ ಕಬ್ಬಿಣದ್ದು ಬೆರೆಸಬೇಡಿ. ಉಪ್ಪುನೀರಿನಲ್ಲಿ ಕಬ್ಬಿಣ ಮೊದಲು ಕರಗುತ್ತದೆ. ಸ್ಟೇನ್ಲೆಸ್ ಸ್ಟೀಲ್ ಸ್ಕ್ರೂ ಬೇಕೆಂದರೆ ಉಪ್ಪುನೀರನ್ನು ಹೆಚ್ಚು ತಾಳುವ 316 ದರ್ಜೆಯದ್ದು, 304 ಬೇಡ. ಹಿಂಬದಿ ಹಲಗೆಗೆ ಪ್ಲೈವುಡ್ ತರುವಾಗ ಅಂಗಡಿಯವರು "ವಾಟರ್‌ಪ್ರೂಫ್" ಎಂದದ್ದನ್ನು ನಂಬದೆ ಮರೈನ್ ಪ್ಲೈವುಡ್ಡಿನ ಐಎಸ್ 710 ಎಂಬ ಮುದ್ರೆ ನೋಡಿ.

ಇನ್ನು ಹೊದಿಕೆ. ದೋಣಿ ಸದಾ ನೀರಿನಲ್ಲೇ ಇರುವುದಾದರೆ ಫೈಬರೇ ಬೇಡ: ಸಂದಿಗೆ ಹತ್ತಿ ಹೊಡೆದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದರೆ ಸಾಕು (ಕೈಗವಸು ಕಡ್ಡಾಯ, ಆ ಎಣ್ಣೆ ಚರ್ಮ ಸುಡುತ್ತದೆ). ಆದರೆ ನಿಮ್ಮದು ರಜೆಯಲ್ಲಿ ಮಾತ್ರ ನೀರಿಗಿಳಿಯುವ ದೋಣಿ. ದಡದಲ್ಲಿ ಹಲಗೆ ಒಣಗಿ ಸಂದಿ ಬಿಡುತ್ತದೆ, ಇಳಿಸಿದಾಗಲೆಲ್ಲ ನೀರು ತುಂಬುತ್ತದೆ. ಹಾಗಾಗಿ ಹೊರಮೈಗೆ ಮಾತ್ರ ಹೊದಿಕೆ ಇರಲಿ. ಒಳಮೈಗೂ ಹಾಕಿದರೆ ಮರಕ್ಕೆ ಉಸಿರಾಡಲು ದಾರಿ ಇರುವುದಿಲ್ಲ.

ದೋಣಿ ರಿಪೇರಿಗೆ ಎಲ್ಲೆಡೆ ಸಿಗುವುದು ಪಾಲಿಯೆಸ್ಟರ್ ರೆಸಿನ್. ಹಳೇ ಫೈಬರ್ ಮೇಲೆ ಅದು ಸರಿ, ಮರಕ್ಕೆ ಮಾತ್ರ ಗಟ್ಟಿಯಾಗಿ ಕಚ್ಚುವುದಿಲ್ಲ. ನಿಮ್ಮ ದೋಣಿಯ ಹೊದಿಕೆ ಬಿಟ್ಟಿರುವುದಕ್ಕೂ ಬಹುಶಃ ಇದೇ ಕಾರಣ. ಎಪಾಕ್ಸಿ ರೆಸಿನ್ ಹಾಕಿ, ದುಬಾರಿ, ಆದರೆ ಒಂದೇ ಸಲದ ಖರ್ಚು. ಎಪಾಕ್ಸಿ ಜೊತೆ ಚೂರುನಾರಿನ ಮ್ಯಾಟ್ ತರಬೇಡಿ. ಆ ಮ್ಯಾಟ್‌ನ ಅಂಟು ಕರಗುವುದು ಪಾಲಿಯೆಸ್ಟರಿನಲ್ಲಿರುವ ದ್ರಾವಕ ಸ್ಟೈರೀನ್‌ನಿಂದ. ಎಪಾಕ್ಸಿಯಲ್ಲಿ ಅದಿಲ್ಲ, ಮ್ಯಾಟ್ ಸೆಟೆದು ನಿಲ್ಲುತ್ತದೆ. ಗಾಜಿನ ನಾರಿನಿಂದ ನೇಯ್ದ ಬಟ್ಟೆ ಬೇಕು. 20 ಅಡಿ ದೋಣಿಯ ಹೊರಮೈ ಸುಮಾರು 11 ಚದರ ಮೀಟರ್. ಚದರ ಮೀಟರಿಗೆ 300 ಗ್ರಾಂ ತೂಗುವ ಬಟ್ಟೆ ಎರಡು ಪದರ, ಅಂಚಿನ ಮಡಿಕೆ ಸೇರಿ 7.5 ಕೆಜಿ. ಬಟ್ಟೆಯಷ್ಟೇ ತೂಕದ ಎಪಾಕ್ಸಿ, ಮರ ಕುಡಿಯಲು 3 ಕೆಜಿ, ಮೇಲೆ ನೇಯ್ಗೆ ಮುಚ್ಚಲು 3 ಕೆಜಿ: ಒಟ್ಟು 13-14 ಕೆಜಿ ಲೆಕ್ಕ ಹಾಕಿಕೊಳ್ಳಿ.

ಕೆಲಸ ಶುರುಮಾಡುವುದು ಮಧ್ಯಾಹ್ನ ಮೂರರ ಮೇಲೆ. ಬೆಳಗ್ಗೆ ಹಚ್ಚಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ, ಹಸಿ ಎಪಾಕ್ಸಿಯಲ್ಲಿ ದೋಸೆಯ ತೂತಿನ ಹಾಗೆ ಗುಳ್ಳೆ ಏಳುತ್ತದೆ. ಸಂಜೆಗೆ ಮರ ತಣಿಯುತ್ತ ಎಪಾಕ್ಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎಪಾಕ್ಸಿಯನ್ನೂ ಅದನ್ನು ಗಟ್ಟಿಮಾಡುವ ಹಾರ್ಡನರನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಡಬ್ಬದ ಮೇಲಿನ ಪ್ರಮಾಣದಂತೆಯೇ ಬೆರೆಸಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಸುರಿದರೆ ಎಪಾಕ್ಸಿ ಮೆತ್ತಗೇ ಉಳಿಯುತ್ತದೆ. ಒಮ್ಮೆಗೆ ಅರ್ಧ ಕೆಜಿಗಿಂತ ಹೆಚ್ಚು ಕಲಸಬೇಡಿ, ಅಗಲ ತಟ್ಟೆಗೆ ಸುರಿದುಕೊಳ್ಳಿ. ಆಳದ ಮಗ್‌ನಲ್ಲಿ ಬಿಸಿಯೇರಿ ಹೊಗೆ ಬರುತ್ತದೆ. ಮರುದಿನ ಮೇಲೆ ಮೇಣದಂಥ ಜಿಡ್ಡು ಕೂತಿದ್ದರೆ ನೀರು ಹಾಕಿ ಉಜ್ಜಿ ತೊಳೆದು, ಒಣಗಿಸಿ, ಮರಳುಕಾಗದ ಹೊಡೆದ ಮೇಲೆಯೇ ಮುಂದಿನ ಕೈ. ಕೊನೆಗೆ ಪೇಂಟ್ ಆಗಲೇಬೇಕು, ಬಿಸಿಲಿಗೆ ಬರಿ ಎಪಾಕ್ಸಿ ತಾಳುವುದಿಲ್ಲ.

ಇಂಜಿನ್ ಬಗ್ಗೆ ಚುಟುಕಾಗಿ. ಹಿನ್ನೀರಿಗೆ 8ರಿಂದ 9.9 ಎಚ್‌ಪಿ ಔಟ್‌ಬೋರ್ಡ್ (ಹಿಂಬದಿ ಹಲಗೆಗೆ ಸಿಕ್ಕಿಸುವ ಇಂಜಿನ್) ಧಾರಾಳ. ಇಂಜಿನ್ನಿನಿಂದ ಪ್ರೊಪೆಲ್ಲರ್ ತನಕ ಇಳಿಯುವ ಕಂಬ ಗಿಡ್ಡದ್ದು, ಅಂದರೆ ಶಾರ್ಟ್ ಶಾಫ್ಟ್ ಆದರೆ ಹಿಂಬದಿ ಹಲಗೆ 15 ಇಂಚು ಎತ್ತರ, ಲಾಂಗ್ ಶಾಫ್ಟಿಗೆ 20. ಹಳೇ ಇಂಜಿನ್ ಕೊಳ್ಳುವಾಗ ಗೇರ್ ಆಯಿಲ್ ತೆಗೆಸಿ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ. ನೀರೆಳೆಯುವ ಇಂಪೆಲ್ಲರನ್ನು ಕಣ್ಣುಮುಚ್ಚಿ ಬದಲಿಸಿ. ಸೀಟಿನ ಕೆಳಗೆ ಗಾಳಿಯಾಡದಂತೆ ಮುಚ್ಚಿದ 20 ಲೀಟರಿನ ನಾಲ್ಕು ಕ್ಯಾನ್ ಬಿಗಿದು ಕಟ್ಟಿ. ದೋಣಿ ನೀರು ತುಂಬಿದರೂ ಇಂಜಿನ್ ಭಾರಕ್ಕೆ ಮುಳುಗುವುದಿಲ್ಲ.

ಕಾಗದ: ಹಳೇ ನೋಂದಣಿ ಪತ್ರವನ್ನು ಮಾರುವವರಿಂದ ಕೇಳಿ ಪಡೆಯಿರಿ. ಇಂಜಿನ್ ಹಾಕಿ ಹೊಳೆಯಲ್ಲಿ ಓಡಿಸಲು 2021ರ ಒಳನಾಡು ಹಡಗು ಕಾಯ್ದೆಯಡಿ ನೋಂದಣಿ ಬೇಕು. ಬಂದರು ಕಚೇರಿಯಲ್ಲಿ ವಿಚಾರಿಸಿ. ಈ ದೋಣಿಯಲ್ಲಿ ಅಳಿವೆ ದಾಟುವ ಆಸೆ ಮಾತ್ರ ಬೇಡ. ಇಳಿತದ ಹೊತ್ತಿನಲ್ಲಿ ಹೊಳೆನೀರು ಕಡಲಿನ ಅಲೆಗೆ ಎದುರಾಗಿ, ಅಲೆ ಗೋಡೆಯ ಹಾಗೆ ಕಡಿದಾಗಿ ನಿಲ್ಲುತ್ತದೆ.

ದಡದಲ್ಲಿ ಇಡುವಾಗ ಮುಂಭಾಗ ಒಂದಡಿ ಎತ್ತರಕ್ಕಿರಲಿ, ಹಿಂಬದಿಯ ತೂಬು ಬಿಚ್ಚಿಯೇ ಇರಲಿ. ತಾಡಪಾಲನ್ನು ದೋಣಿಗೆ ತಾಗದಂತೆ ಬಿದಿರಿನ ಮೇಲೆ ಹೊದಿಸಿ, ಗಾಳಿ ಆಡಲು ಎರಡೂ ತುದಿ ತೆರೆದಿಡಿ.